ಹತ್ತು ಸಿಪಾಯಿಗಳಿಗೆ ಒಂದು ಹರಿವಾಣ

ತೆಳ್ಳನೆಯ ಪದರಗಳ ಸಿಹಿ ಬಕ್ಲಾವಾ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. 2006ರಲ್ಲಿ ಐರೋಪ್ಯ ಒಕ್ಕೂಟದ ಉತ್ಸವವೊಂದರಲ್ಲಿ ಅದನ್ನು ಸೈಪ್ರಸ್ ದೇಶದ ಸಿಹಿಯೆಂದು ಮುಂದಿಟ್ಟಾಗ ಟರ್ಕಿಯ ತಯಾರಕರು ಪ್ರತಿಭಟನೆಗೆ ಇಳಿದಿದ್ದರು. ಗ್ರೀಕರು ತಮ್ಮದೆನ್ನುತ್ತಾರೆ, ಅರ್ಮೇನಿಯನ್ನರೂ ಹಾಗೇ ಅನ್ನುತ್ತಾರೆ. ಸಿರಿಯಾ, ಲೆಬನಾನ್, ಇರಾನ್, ಅಜರ್‌ಬೈಜಾನ್, ಯಾರೂ ಬಿಟ್ಟುಕೊಡುವವರಲ್ಲ. ಮೂಲ ಹುಡುಕುತ್ತ ಹೊರಟವರು ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮಿಗೆ ಹೋಗಿ, ಕೇಟೋ ತನ್ನ ಕೃಷಿಗ್ರಂಥದಲ್ಲಿ ಬರೆದಿಟ್ಟ ಚೀಸು-ಜೇನಿನ ಪದರದ ಭಕ್ಷ್ಯವನ್ನು ತೋರಿಸುತ್ತಾರೆ. ಇನ್ನು ಕೆಲವರು ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ನಿಲ್ಲುತ್ತಾರೆ. ಅಲ್ಲಿ ತೆಳ್ಳನೆಯ ಹಾಳೆಯಲ್ಲಿ ಬಾದಾಮಿ ಸುತ್ತಿ ಪಾಕದಲ್ಲಿ ನೆನೆಸುವ ಲೌಜಿನಾಜ್ ಎಂಬ ತಿನಿಸಿತ್ತು. ಆಹಾರ ಚರಿತ್ರೆ ಬರೆದ ಚಾರ್ಲ್ಸ್ ಪೆರಿ ಮಾತ್ರ ಮಧ್ಯ ಏಷ್ಯಾದ ತುರ್ಕಿ ಅಲೆಮಾರಿಗಳತ್ತ ಬೆರಳು ತೋರಿಸಿದರು. ದಪ್ಪ ರೊಟ್ಟಿ ಬೇಯಿಸಲು ಗೂಡೊಲೆ ಇಲ್ಲದವರು ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಹಾಕುತ್ತಿದ್ದರು, ಒಂದರ ಮೇಲೊಂದು ಪೇರಿಸಿ ದಪ್ಪ ಮಾಡಿಕೊಳ್ಳುತ್ತಿದ್ದರು. ನನಗೆ ಈ ಮಾತು ಸರಿಯೆನಿಸುತ್ತದೆ. ತೆಳ್ಳಗೆ ಲಟ್ಟಿಸುವ ವಿದ್ಯೆ ಅನುಕೂಲ ಕಡಿಮೆ ಇದ್ದವರ ಕೈಯಲ್ಲೇ ಹುಟ್ಟಬೇಕು.

ನಾನು ಧಾರವಾಡದ ಶಾಲೆಯಲ್ಲಿ ಇತಿಹಾಸ ಕಲಿಸಿದವಳು. ಮನೆಯ ಮದುವೆ-ಮುಂಜಿಗಳಲ್ಲಿ ಚಿರೋಟಿ ಲಟ್ಟಿಸಿದವಳು. ಹಾಗಾಗಿ ಈ ಸಿಹಿಯ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಬೇರೆಯೇ ಪ್ರಶ್ನೆಯ ಹಿಂದೆ ಹೋಗುತ್ತದೆ. ಕಣ್ಣಿಗೆ ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗಿನ ಹಾಳೆ, ಅದೂ ಒಂದೆರಡಲ್ಲ, ಹರಿವಾಣಕ್ಕೆ ನಲವತ್ತು. ಇಷ್ಟು ದುಡಿಮೆಯನ್ನು ಒಂದು ತುತ್ತಿಗಾಗಿ ಕೇಳುವ ಅಧಿಕಾರ ಯಾರಿಗಿತ್ತು? ಲಟ್ಟಿಸಿದ ಕೈ ಯಾರದು?

ಬಕ್ಲಾವಾದ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ, ಕಯ್ಗುಸುಜ್ ಅಬ್ದಾಲ್ ಎಂಬ ಅನುಭಾವಿಯ ಪದ್ಯದಲ್ಲಿ. ಆತ ಹೊಟ್ಟೆ ತುಂಬ ಉಣ್ಣುವ ಕನಸು ಕಂಡ ಫಕೀರ. ಅವನು ಬಯಸಿದ ಬಕ್ಲಾವಾದಲ್ಲಿ ಬಾದಾಮಿಯದೂ ಇದೆ, ಮಸೂರ ಬೇಳೆಯದೂ ಇದೆ. ಬೇಳೆಯ ಸಿಹಿ ಎಂದರೆ ಯುರೋಪಿನ ಓದುಗರಿಗೆ ವಿಚಿತ್ರ ಅನಿಸಬಹುದು. ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿ ಹೋಳಿಗೆ ಮಾಡುವ ನಮಗೆ ಅದರಲ್ಲಿ ಅಚ್ಚರಿಯೇನಿದೆ! ಪಿಸ್ತಾ ಕೊಳ್ಳಲಾಗದ ಮನೆಯಲ್ಲಿ ಬೇಳೆ ತುಂಬಿದ್ದಾರೆ, ಅಷ್ಟೆ. ಆ ಒಂದು ಸಾಲಿನಿಂದ ಬಡವರ ಮನೆಯಲ್ಲೂ ಈ ತಿನಿಸು ಇತ್ತೆಂದು ನಾನು ನಂಬುತ್ತೇನೆ.

ಅರಮನೆಯ ಲೆಕ್ಕಕ್ಕೆ ಬಂದದ್ದು ಆಮೇಲೆ. ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಗೆದ್ದ ಆಟೊಮನ್ ಸುಲ್ತಾನ ಎರಡನೆಯ ಮೆಹಮದನ ಕಾಲದ ಅಡುಗೆಮನೆಯ ಲೆಕ್ಕಪುಸ್ತಕದಲ್ಲಿ, 1473ರಲ್ಲಿ, ಬಕ್ಲಾವಾ ಮಾಡಿದ ದಾಖಲೆಯಿದೆ. ತೋಪ್‌ಕಾಪಿ ಅರಮನೆಯ ಅಡುಗೆಮನೆ ಸಾವಿರಾರು ಮಂದಿಗೆ ದಿನವೂ ಉಣಬಡಿಸುತ್ತಿತ್ತು. 1574ರಲ್ಲಿ ಅದು ಬೆಂಕಿಗೆ ತುತ್ತಾದಾಗ ಮತ್ತೆ ಕಟ್ಟಿಕೊಟ್ಟವನು ಮಹಾಶಿಲ್ಪಿ ಸಿನಾನ್. ಅವನು ಕಟ್ಟಿದ ಹೊಗೆಗೂಡುಗಳ ಸಾಲು ಇಂದಿಗೂ ಸಮುದ್ರದ ಕಡೆಯಿಂದ ಕಾಣುತ್ತದೆ. ಸಿಹಿ, ಷರಬತ್ತು, ಲೇಹ್ಯಗಳಿಗೆಂದೇ ಅಲ್ಲಿ ಹೆಲ್ವಾಹಾನೆ ಎಂಬ ಪ್ರತ್ಯೇಕ ವಿಭಾಗವಿತ್ತು. 1517ರಲ್ಲಿ ಈಜಿಪ್ಟ್ ಕೈವಶವಾದ ಮೇಲೆ ಅಲ್ಲಿನ ಸಕ್ಕರೆಗೂ ದಾರಿ ಸಲೀಸಾಯಿತು. ಕಬ್ಬಿನ ಹಾಲು ಕುದಿಸಿ ಹರಳು ಮಾಡುವ ವಿದ್ಯೆ ನಮ್ಮ ನಾಡುಗಳಿಂದ ಇರಾನಿಗೆ, ಅಲ್ಲಿಂದ ಅರಬರ ಮೂಲಕ ಪಶ್ಚಿಮಕ್ಕೆ ನಡೆದುಹೋದದ್ದು ಅದಕ್ಕೂ ಎಷ್ಟೋ ಶತಮಾನ ಹಿಂದೆ.

ಈ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟಿರುವುದು ಬಕ್ಲಾವಾ ಮೆರವಣಿಗೆ. ಸುಲ್ತಾನನ ಖಾಸಾ ಪದಾತಿ ಸೈನ್ಯ ಜಾನಿಸರಿಗಳದು. ಆ ಸೈನ್ಯದ ರೀತಿರಿವಾಜೆಲ್ಲ ಅಡುಗೆಮನೆಯಿಂದಲೇ ಬಂದದ್ದು. ಪಡೆಯ ನಾಯಕನಿಗೆ ಸಾರು ಬಡಿಸುವವನೆಂಬ ಬಿರುದು. ಅಡುಗೆಯ ಮುಖ್ಯಸ್ಥನೂ ದೊಡ್ಡ ಅಧಿಕಾರಿಯೇ. ಬಾವುಟಕ್ಕೆ ಇರುವಷ್ಟೇ ಗೌರವ ಅವರ ಕೊಪ್ಪರಿಗೆಗೆ ಇತ್ತು. ಸುಲ್ತಾನನ ಅನ್ನ ಬೇಡವೆಂದು ಕೊಪ್ಪರಿಗೆ ಬೋರಲು ಹಾಕಿದರೆ ಅದೇ ದಂಗೆಯ ಘೋಷಣೆ. ಹಾಗೆ ಬೋರಲಾದ ಕೊಪ್ಪರಿಗೆಗಳು ಸುಲ್ತಾನರನ್ನೇ ಪಟ್ಟದಿಂದ ಇಳಿಸಿದ್ದುಂಟು.

ಇಂಥ ಸೈನ್ಯಕ್ಕೆ ರಂಜಾನ್ ತಿಂಗಳ ಹದಿನೈದನೆಯ ದಿನ ಸುಲ್ತಾನ ಬಕ್ಲಾವಾ ಕೊಡುತ್ತಿದ್ದ. ಅರಮನೆಯಲ್ಲಿ ಕಾಪಾಡಿಕೊಂಡು ಬಂದ ಪ್ರವಾದಿಯವರ ನಿಲುವಂಗಿಯ ದರ್ಶನ ಪಡೆಯುವುದೂ ಅವನಿಗೆ ಅದೇ ದಿನ. ಹತ್ತು ಸಿಪಾಯಿಗಳಿಗೆ ಒಂದು ಹರಿವಾಣದಂತೆ ಲೆಕ್ಕ ಹಾಕಿ, ಒಂದೊಂದನ್ನೂ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮುಂದೆ ಸಾಲಾಗಿ ಇಡುತ್ತಿದ್ದರು. ಮೊದಲ ಹರಿವಾಣಗಳು ಸುಲ್ತಾನನಿಗೇ, ಏಕೆಂದರೆ ಸೈನ್ಯದ ಪಟ್ಟಿಯಲ್ಲಿ ಮೊದಲ ಸಿಪಾಯಿ ಅವನೇ. ಅವನ ಪರವಾಗಿ ಅವನ ಖಡ್ಗ ಹೊರುವ ಅಧಿಕಾರಿ ಸಿಲಾಹ್‌ದಾರ್ ಆಗಾ ಅವನ್ನು ತೆಗೆದುಕೊಂಡ ಮೇಲೆ, ಉಳಿದವನ್ನು ಸಿಪಾಯಿಗಳು ಎತ್ತಿಕೊಳ್ಳುತ್ತಿದ್ದರು. ಕಟ್ಟಿನೊಳಗೆ ಕೋಲು ತೂರಿಸಿ, ಇಬ್ಬಿಬ್ಬರು ಹೆಗಲು ಕೊಟ್ಟು, ಅರಮನೆಯ ಬಾಗಿಲು ದಾಟಿ ಬಿಡಾರಗಳತ್ತ ಸಾಗುವಾಗ ಇಡೀ ಊರು ಬೀದಿಯ ಎರಡೂ ಬದಿ ನಿಂತು ನೋಡುತ್ತಿತ್ತು. ಮೇಲ್ನೋಟಕ್ಕೆ ಹಬ್ಬದ ಕೊಡುಗೆ. ಒಳಗೆ ನೋಡಿದರೆ ಲೆಕ್ಕಾಚಾರ: ಸೈನ್ಯ ಹರಿವಾಣ ಹೊತ್ತು ನಡೆಯಿತೆಂದರೆ ಈ ವರ್ಷಕ್ಕೆ ಊರು ನೆಮ್ಮದಿ. ಸಿಹಿಯನ್ನು ಒಡೆಯ ಕೊಡುತ್ತಾನೆ, ಆಳು ಎಲ್ಲರೆದುರು ಸ್ವೀಕರಿಸುತ್ತಾನೆ. ಆ ಸ್ವೀಕಾರವೇ ನಿಷ್ಠೆಯ ಪ್ರಮಾಣ.

ಮೈಸೂರಿಗೂ ಇಸ್ತಾಂಬುಲ್ಲಿಗೂ ಒಂದು ನಂಟು ಬಿದ್ದದ್ದು ಈ ಪದ್ಧತಿ ಜೀವಂತ ಇದ್ದಾಗಲೇ. ಟಿಪ್ಪು ಸುಲ್ತಾನ್ 1786ರಲ್ಲಿ ಕಳಿಸಿದ ನಿಯೋಗ ಸಮುದ್ರದಲ್ಲೂ ದಾರಿಯ ರೋಗಗಳಲ್ಲೂ ನೂರಾರು ಜನರನ್ನು ಕಳೆದುಕೊಂಡು ಮರುವರ್ಷ ಇಸ್ತಾಂಬುಲ್ ಸೇರಿತು. ಸುಲ್ತಾನ ಒಂದನೆಯ ಅಬ್ದುಲ್ ಹಮೀದನ ದರ್ಶನ ಪಡೆಯಿತು. ಕೇಳಿದ್ದು ಇಂಗ್ಲಿಷರ ವಿರುದ್ಧ ನೆರವು. ಅದು ಸಿಗಲಿಲ್ಲ.

ಮೆರವಣಿಗೆ ನಿಂತದ್ದು 1826ರಲ್ಲಿ. ಸುಲ್ತಾನ ಎರಡನೆಯ ಮಹಮೂದ್ ಹೊಸ ಮಾದರಿಯ ಸೈನ್ಯ ಕಟ್ಟಲು ಹೊರಟ. ಜೂನ್ ತಿಂಗಳಲ್ಲಿ ಜಾನಿಸರಿಗಳು ಮಾಂಸದ ಮೈದಾನವೆಂಬ ಜಾಗದಲ್ಲಿ ಕೊನೆಯ ಸಲ ಕೊಪ್ಪರಿಗೆ ಬೋರಲು ಹಾಕಿದರು. ಸುಲ್ತಾನ ಫಿರಂಗಿ ತಂದು ಬಿಡಾರಗಳನ್ನೇ ಸುಟ್ಟ. ಸಾವಿರಾರು ಜನ ಸತ್ತರು. ಸೈನ್ಯವನ್ನು ರದ್ದು ಮಾಡಿದ ಮೇಲೆ ಹರಿವಾಣ ಹೊರುವವರೇ ಇಲ್ಲ. ಇತಿಹಾಸದ ಪಾಠದಲ್ಲಿ ಇದನ್ನು ಸುಧಾರಣೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲಿನ ಹಿಂದೆ ಇಷ್ಟು ಹೆಣಗಳಿವೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಅರಮನೆಯ ಮೆರವಣಿಗೆ ಹೋಯಿತು, ಸಿಹಿ ಹೋಗಲಿಲ್ಲ. 1844ರಲ್ಲಿ ಮೆಹಮದ್ ಕಾಮಿಲ್ ಹೊರತಂದ, ಆಟೊಮನ್ ತುರ್ಕಿಯ ಮೊದಲ ಮುದ್ರಿತ ಅಡುಗೆ ಪುಸ್ತಕದಲ್ಲಿ ಬಕ್ಲಾವಾ ಇದೆ. ಸಿರಿವಂತರ ಮನೆಗಳಲ್ಲಿ ರಂಜಾನ್ ಬಂತೆಂದರೆ ಅಡುಗೆಯವರಿಗೆ ಪರೀಕ್ಷೆ. ಅಲ್ಲಿನವರು ಹೇಳಿಕೊಂಡು ಬಂದ ಮಾತೊಂದಿದೆ: ಬೇಯಿಸುವ ಮೊದಲು ಹರಿವಾಣವನ್ನು ಯಜಮಾನನ ಮುಂದೆ ತರಬೇಕು. ಅವನು ಒಂದು ಮೊಳದ ಎತ್ತರದಿಂದ ಚಿನ್ನದ ನಾಣ್ಯ ಬೀಳಿಸುತ್ತಾನೆ. ಅದು ಅಷ್ಟೂ ಪದರ ಸೀಳಿ ತಳಕ್ಕೆ ಬಡಿದು ಠಣ್ ಎಂದರೆ ನಾಣ್ಯ ಅಡುಗೆಯವನದು. ನಡುವೆ ಎಲ್ಲೋ ಸಿಕ್ಕಿಕೊಂಡರೆ ಹರಿವಾಣ ಒಳಕ್ಕೆ ವಾಪಸು. ಓದುವವರಿಗೆ ಇದು ರಂಜನೆ. ನನಗೆ ಮಾತ್ರ ನಸುಕಿನಿಂದ ಮಣೆಯ ಮುಂದೆ ಕೂತು ಸೊಂಟ ಹಿಡಿದುಹೋದವನ ನೆನಪಾಗುತ್ತದೆ. ಆ ವಾಪಸು ಹೋದ ಹರಿವಾಣದ ಹಿಟ್ಟು, ತುಪ್ಪ ಯಾರ ಲೆಕ್ಕಕ್ಕೆ ಬಿತ್ತೋ!

ಲಟ್ಟಿಸಿ ನೋಡಿದವರಿಗೆ ಆ ಶ್ರಮ ಗೊತ್ತಾಗುತ್ತದೆ. ಮನೆಯಲ್ಲಿ ನಾನು ಮಾಡುವ ಕ್ರಮ ಹೀಗೆ. ಮೈದಾಕ್ಕೆ ಚಿಟಿಕೆ ಉಪ್ಪು, ಒಂದೆರಡು ಚಮಚ ಎಣ್ಣೆ ಹಾಕಿ, ಚಿರೋಟಿಯ ಕಣಕಕ್ಕಿಂತ ತುಸು ಮೆತ್ತಗೆ ನಾದಿ, ಒದ್ದೆ ಬಟ್ಟೆ ಮುಚ್ಚಿಡಬೇಕು. ಟರ್ಕಿಯ ಅಂತೆಪ್ ಕಡೆಯವರು ಇದಕ್ಕೆ ಮೊಟ್ಟೆಯನ್ನೂ ಹಾಕುತ್ತಾರೆ, ನಮ್ಮ ಮನೆಯಲ್ಲಿ ಹಾಕುವುದಿಲ್ಲ. ಹಿಟ್ಟು ನೆಂದು ಎಳೆದಂತೆ ಬರುವಾಗ ಸಣ್ಣ ಉಂಡೆ ಮಾಡಿ ಪೂರಿಯಗಲ ಲಟ್ಟಿಸಿ, ಒಂದೊಂದರ ಮೇಲೂ ಧಾರಾಳವಾಗಿ ಕಾರ್ನ್‌ಫ್ಲೋರ್ ಉದುರಿಸಿ, ಹತ್ತನ್ನು ಪೇರಿಸಬೇಕು. ಅಲ್ಲಿನವರು ಬಳಸುವುದು ಗೋಧಿಯಿಂದ ತೆಗೆದ ಗಂಜಿಪುಡಿ. ಈಗ ಹತ್ತನ್ನೂ ಒಟ್ಟಿಗೆ ಲಟ್ಟಿಸುವುದು. ಬೆರಳಿನಷ್ಟು ತೆಳ್ಳಗಿನ, ತೋಳುದ್ದದ ಕೋಲು ಬೇಕು. ಅಟ್ಟಿಯನ್ನು ಅದಕ್ಕೆ ಸುತ್ತಿ, ಎರಡೂ ಅಂಗೈ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು. ಬಿಚ್ಚಿ, ತಿರುಗಿಸಿ, ಮತ್ತೆ ಸುತ್ತಬೇಕು. ನಡುವೆ ದಪ್ಪ ಉಳಿದರೆ ಅಂಚು ಹರಿಯುತ್ತದೆ. ಚಿರೋಟಿಯಲ್ಲಿ ತುಪ್ಪ-ಅಕ್ಕಿಹಿಟ್ಟಿನ ಸಾಟಿ ಪದರಗಳನ್ನು ಹಿಡಿದುಕೊಂಡೇ ಬಿಡಿಸುತ್ತದೆ. ಇಲ್ಲಿ ಒಣ ಪುಡಿಯೊಂದೇ ಅವನ್ನು ಬೇರೆಯಾಗಿ ಇಡಬೇಕು.

ತುಪ್ಪ ಸವರಿದ ಹರಿವಾಣಕ್ಕೆ ಅರ್ಧದಷ್ಟು ಹಾಳೆ ಹಾಸಿ, ಪಿಸ್ತಾ ತರಿ ಹರವಿ, ಉಳಿದರ್ಧ ಮುಚ್ಚಿ, ತಳದವರೆಗೂ ಚಾಕು ಇಳಿಸಿ ಹೋಳು ಮಾಡಿದ ಮೇಲೆಯೇ ಒಲೆಗೆ. ಬೆಂದ ಮೇಲೆ ಕೊಯ್ದರೆ ಪುಡಿಯಾಗುತ್ತದೆ. ಕಾಸಿದ ತುಪ್ಪವನ್ನು ಬಿಸಿಯಾಗಿಯೇ ಸೀಳುಗಳೊಳಗೆ ಹೊಯ್ಯಬೇಕು. ತುಪ್ಪದಲ್ಲಿ ನೀರಿನಂಶ, ಗಷ್ಟು ಉಳಿದಿರಬಾರದು. ಬೆಣ್ಣೆ ಹಾಕಿದರೆ ಪದರ ಗರಿಗರಿ ಬರುವುದಿಲ್ಲ, ಗಷ್ಟು ಕಪ್ಪಾಗುತ್ತದೆ. ಪಾಕಕ್ಕೆ ಎರಡು ಪಾಲು ಸಕ್ಕರೆ, ಒಂದು ಪಾಲು ನೀರು, ಹರಳುಗಟ್ಟದಂತೆ ನಾಲ್ಕು ಹನಿ ನಿಂಬೆರಸ. ಒಂದೆಳೆ ಬರುವ ಮುಂಚೆಯೇ ಇಳಿಸಬೇಕು. ಹರಿವಾಣ ಒಲೆಯಿಂದ ಬಂದ ಕ್ಷಣ ಪಾಕ ಬಿದ್ದರೆ ಚುಂಯ್ ಎಂದು ಹರಿವಾಣವೆಲ್ಲ ನೊರೆಯೇಳುತ್ತದೆ. ಆ ಸದ್ದು ಕೇಳಲು ನಮ್ಮ ಮನೆಯ ಮಕ್ಕಳೆಲ್ಲ ಅಡುಗೆಮನೆಯಲ್ಲಿ ಜಮಾಯಿಸುತ್ತಾರೆ.

ಈ ವಿದ್ಯೆ ಇಂದು ಊರ ಕಸುಬಾಗಿ ನಿಂತಿರುವುದು ಟರ್ಕಿಯ ಆಗ್ನೇಯ ಮೂಲೆಯ ಗಾಜಿಯಾಂತೆಪ್‌ನಲ್ಲಿ. ಹಳೆಯ ಹೆಸರು ಅಂತೆಪ್. 1921ರಲ್ಲಿ ಫ್ರೆಂಚರ ಮುತ್ತಿಗೆಯನ್ನು ಎದುರಿಸಿ ನಿಂತದ್ದಕ್ಕೆ ಗಾಜಿ ಎಂಬ ಬಿರುದು ಸೇರಿತು. ಪಿಸ್ತಾ ಪೂರ್ತಿ ಬಲಿಯುವ ಮುಂಚೆ, ತಿರುಳು ಕಡುಹಸಿರಾಗಿರುವಾಗಲೇ ಕೊಯ್ಯುತ್ತಾರೆ. ತುಪ್ಪ ಕುರಿ-ಮೇಕೆಯ ಹಾಲಿನದು. 2013ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಅಂತೆಪ್ ಬಕ್ಲಾವಾಕ್ಕೆ ಭೌಗೋಳಿಕ ಮಾನ್ಯತೆ ಕೊಟ್ಟಿತು. ಟರ್ಕಿಯ ತಿನಿಸೊಂದಕ್ಕೆ ಅಲ್ಲಿ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಇಸ್ತಾಂಬುಲ್ಲಿಗೆ ಅಂತೆಪ್ ರುಚಿಯನ್ನು ಪರಿಚಯಿಸಿದವರಲ್ಲಿ ಗುಲ್ಲು ಮನೆತನ ಹೆಸರಾದದ್ದು. 1949ರಲ್ಲಿ ಕಾರಾಕೋಯ್‌ನಲ್ಲಿ ಅವರ ಅಂಗಡಿ ತೆರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಜ್‌ಗೆ ಹೋದ ಹಿರಿಯನೊಬ್ಬ ದಾರಿಯಲ್ಲಿ ಡಮಾಸ್ಕಸ್, ಅಲೆಪ್ಪೋಗಳಲ್ಲಿ ಈ ಕಸುಬು ನೋಡಿ ಕಲಿತುಬಂದನೆಂದು ಆ ಮನೆತನದವರೇ ಹೇಳಿಕೊಳ್ಳುತ್ತಾರೆ.

ಅಂತೆಪ್‌ಗೂ ಅಲೆಪ್ಪೋಗೂ ನಡುವೆ ಇರುವುದು ನೂರು ಕಿಲೋಮೀಟರ್ ಆಸುಪಾಸು. ಆ ದಾರಿಯಲ್ಲಿ ಕಸುಬು ಕಲಿಯಲು ಹೋದವರಿಗಿಂತ ಜೀವ ಉಳಿಸಿಕೊಳ್ಳಲು ನಡೆದವರೇ ಹೆಚ್ಚು. 1915ರಲ್ಲಿ ಅಂತೆಪ್‌ನ ಅರ್ಮೇನಿಯನ್ನರನ್ನು ಹೊರಗಟ್ಟಿದಾಗ ಬದುಕುಳಿದವರಲ್ಲಿ ಅನೇಕರು ಅಲೆಪ್ಪೋ ಸೇರಿದರು. 1923ರಲ್ಲಿ ಗ್ರೀಸ್-ಟರ್ಕಿಗಳ ನಡುವೆ ನಡೆದ ಜನವಿನಿಮಯದಲ್ಲಿ ಅನಾತೋಲಿಯಾದ ಗ್ರೀಕರು ಏಜಿಯನ್ ಸಮುದ್ರ ದಾಟಿ ಹೋದರು, ಅವರೊಡನೆ ಅವರ ಅಡುಗೆಯೂ ಹೋಯಿತು. 2011ರ ನಂತರದ ಅಂತರ್ಯುದ್ಧದಲ್ಲಿ ಅಲೆಪ್ಪೋ ಹೊತ್ತಿ ಉರಿದಾಗ ಸಿರಿಯಾದ ಲಕ್ಷಾಂತರ ಜನ ಅದೇ ದಾರಿಯಲ್ಲಿ ಗಾಜಿಯಾಂತೆಪ್‌ಗೆ ಬಂದರು. ಇನ್ನೂ ಮುಂದೆ ಹೋದವರು ಬರ್ಲಿನ್ನಿನ ಸೊನೆನ್‌ಆಲೆ ರಸ್ತೆಯಲ್ಲಿ ಸಿಹಿ ಅಂಗಡಿ ಹಾಕಿದರು. ಕೊಲ್ಲಿ ದೇಶಗಳಲ್ಲಿ ದುಡಿಯುವ ಭಟ್ಕಳ, ಮಂಗಳೂರಿನವರು ರಜೆಗೆ ಬರುವಾಗ ಊರಿಗೆ ತರುವ ಬಕ್ಲಾವಾದ ಡಬ್ಬಿಗಳನ್ನು ತುಂಬುವವರಲ್ಲೂ ಸಿರಿಯಾ, ಲೆಬನಾನಿನವರು ಇದ್ದಾರೆ. ತಮ್ಮ ಊರಿನಲ್ಲಿ ನಿಲ್ಲಲಾಗದವರು ತಮ್ಮ ಊರಿನ ಸಿಹಿಯನ್ನು ಪರಊರಿನಲ್ಲಿ ಮಾಡಿ ಮಾರುತ್ತಿದ್ದಾರೆ, ಇನ್ನೊಬ್ಬರು ಅದನ್ನು ತಮ್ಮ ಊರಿಗೆ ಹೊತ್ತು ತರುತ್ತಿದ್ದಾರೆ.