ಗಣಿಯ ಲಸಿಕೆಯೂ ಶಿಶುವಿನ ರೋಗನಿರೋಧವೂ: ಮಾರಿಕುಪ್ಪಂ ನೆಲದಿಂದ ಒಂದು ಪರಾಮರ್ಶೆ

ಬಂಗಾರಪೇಟೆಯಿಂದ ಕವಲೊಡೆದು, ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದುಬರುವ ರೈಲುಹಾದಿಯು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಸೇರಿ 2001ರ ಫೆಬ್ರವರಿ 28ರಂದು ನಿಂತುಹೋದ ಕೋಲಾರದ ಚಿನ್ನದ ಗಣಿಗಾರಿಕೆಯ ಶೇಷವಾಗಿ ಈ ಸೀಮೆಯಲ್ಲಿ ಸಯನೈಡ್ ದಿಬ್ಬಗಳು ಉಳಿದಿವೆ. ಗಾಳಿಯ ದಿನಗಳಲ್ಲಿ ಅವುಗಳಿಂದೇಳುವ ನವುರಾದ ಧೂಳು ಲೈನುಮನೆಗಳ ಮುಂದೆ ಆಡುವ ಮಕ್ಕಳ ಉಸಿರನ್ನೂ ಸೇರುತ್ತದೆ. ಇಲ್ಲಿ ನಿಂತು ನ್ಯುಮೋನಿಯದ ಚರಿತ್ರೆಯನ್ನು ಅವಲೋಕಿಸುವವನಿಗೆ ಒಂದು ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ: ಗಣಿಗಿಳಿದ ತಂದೆಯ ಶರೀರವು ಈ ರೋಗವನ್ನು ಎದುರಿಸುವ ಕ್ರಮವೂ ತೊಟ್ಟಿಲ ಕೂಸಿನ ಕ್ರಮವೂ ಒಂದೆಯೆ? ಒಂದಲ್ಲವೆಂಬ ಉತ್ತರಕ್ಕೆ ಶಾಸ್ತ್ರವು ನಡೆದುಬಂದ ದಾರಿಯು ಮತ್ತೊಂದು ಚಿನ್ನದ ಗಣಿಯ ಮೂಲಕವೇ ಹಾದಿದೆಯೆಂಬುದು ಈ ಲೇಖನದ ಪ್ರತಿಪಾದನೆ.

ತಂದೆಯ ಕಥೆ ಸುಪರಿಚಿತ. 1940ರ ದಶಕದಲ್ಲಿ ಕೋಲಾರದ ಗಣಿಗಳಲ್ಲಿ ನಡೆದ ಪರೀಕ್ಷೆಗಳು ಸಿಲಿಕೋಸಿಸ್ ಎಂಬ ವ್ಯಾಧಿಯನ್ನು ಬೆಳಕಿಗೆ ತಂದವು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕಾವಲಿರುವ ಭಕ್ಷಕಕೋಶಗಳು ಬಂಡೆಯ ಧೂಳನ್ನು ನುಂಗಿ ತಾವೇ ನಾಶವಾಗುವುದರಿಂದ, ವರ್ಷಗಳು ಕಳೆದಂತೆ ಆ ಕಾವಲು ಸಡಿಲವಾಗುತ್ತದೆ. ತಂದೆಯದು ಹೀಗೆ ಇದ್ದ ರಕ್ಷಣೆಯನ್ನು ಕಳೆದುಕೊಂಡ ಸ್ಥಿತಿ. ಶಿಶುವಿನದಾದರೋ ರಕ್ಷಣೆಯನ್ನೇ ಇನ್ನೂ ಪಡೆಯಬೇಕಾದ ಸ್ಥಿತಿ.

ನ್ಯುಮೋನಿಯವನ್ನು ತರುವ ನ್ಯುಮೋಕಾಕಸ್ ಎಂಬ ರೋಗಾಣುವನ್ನು 1881ರಲ್ಲಿ ಫ್ರಾನ್ಸಿನಲ್ಲಿ ಪಾಶ್ಚರ್, ಅಮೆರಿಕದಲ್ಲಿ ಸ್ಟರ್ನ್‌ಬರ್ಗ್, ಪರಸ್ಪರ ಅರಿಯದೆ ಗುರುತಿಸಿದರು. 1891ರಲ್ಲಿ ಕ್ಲೆಂಪರರ್ ಸಹೋದರರು ನಿರೋಧಶಕ್ತಿಯು ರಕ್ತದ ಸೀರಂನಲ್ಲಿ ನೆಲೆಸಿದೆಯೆಂದು ತೋರಿಸಿದರು. 1904ರಲ್ಲಿ ನಾಯ್‌ಫೆಲ್ಡ್ ಮತ್ತು ರಿಂಪಾವ್, ಸೀರಂನಲ್ಲಿರುವ ಪ್ರತಿಕಾಯಗಳು ರೋಗಾಣುವನ್ನು ಹಿಡಿದುಕೊಟ್ಟಾಗ ಮಾತ್ರ ಭಕ್ಷಕಕೋಶಗಳು ಅದನ್ನು ಸುಲಭವಾಗಿ ನುಂಗಬಲ್ಲವೆಂಬುದನ್ನು ಸ್ಪಷ್ಟಪಡಿಸಿದರು. ದೂರದೂರದಿಂದ ತಂದು ಇಕ್ಕಟ್ಟಾದ ವಸತಿಗಳಲ್ಲಿ ತುಂಬಿದ ಹೊಸ ಕೂಲಿಗಳು ನ್ಯುಮೋನಿಯಕ್ಕೆ ಬಲಿಯಾಗುತ್ತಿದ್ದ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ, 1911ರಲ್ಲಿ ಆಲ್ಮ್‌ರಾತ್ ರೈಟ್ ಮೊದಲ ಲಸಿಕಾಪ್ರಯೋಗವನ್ನು ನಡೆಸಿದನು. ಅದರ ಫಲ ಸಂದಿಗ್ಧವಾಗಿಯೇ ಉಳಿಯಿತು. ಆದರೆ ಅನಂತರ ಅಲ್ಲಿಯೇ ಲಿಸ್ಟರ್ ಈ ರೋಗಾಣುವಿನಲ್ಲಿ ಹಲವು ಪ್ರಭೇದಗಳಿವೆಯೆಂದು ತೋರಿಸಿ, ಲಸಿಕೆಯ ಮುಂದಿನ ಹಾದಿಯನ್ನು ತೆರೆದನು.

ಅರ್ಧಶತಮಾನ ಕಳೆದ ಮೇಲೆ ರಾಬರ್ಟ್ ಆಸ್ಟ್ರಿಯನ್ ಆ ಗಣಿಗಳಿಗೇ ಹೋಗಿ, ರೋಗಾಣುವಿನ ಶರ್ಕರಕವಚದಿಂದ ತಯಾರಿಸಿದ ಲಸಿಕೆಯನ್ನು ಪರೀಕ್ಷಿಸಿದನು. ಅದೇ ಬಗೆಯ 14 ಪ್ರಭೇದಗಳ ಲಸಿಕೆಗೆ 1977ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದುಡಿಯುವ ವಯಸ್ಕನನ್ನು ಕಾಪಾಡಿದ ಈ ಲಸಿಕೆ ಎರಡು ವರ್ಷದೊಳಗಿನ ಶಿಶುವಿನಲ್ಲಿ ಬಹುಮಟ್ಟಿಗೆ ನಿಷ್ಫಲವಾಯಿತು. ತಾಯಿಯಿಂದ ಗರ್ಭದಲ್ಲಿ ಬಂದ ಪ್ರತಿಕಾಯಗಳು ಕೆಲವೇ ತಿಂಗಳುಗಳಲ್ಲಿ ಕ್ಷಯಿಸುತ್ತವೆ. ಬರಿಯ ಶರ್ಕರವನ್ನು ಕಂಡು ಟಿ ಕೋಶಗಳ ನೆರವಿಲ್ಲದೆಯೇ ಪ್ರತಿಕಾಯ ರಚಿಸಬಲ್ಲ ಗುಲ್ಮದ ಬಿ ಕೋಶಗಳು ಆ ವಯಸ್ಸಿನಲ್ಲಿ ಇನ್ನೂ ಪಕ್ವವಾಗಿರುವುದಿಲ್ಲ. ಆದುದರಿಂದ ಕವಚಧಾರಿಯಾದ ರೋಗಾಣು ಅತ್ಯಂತ ಘಾತಕವಾಗುವುದು, ಅದನ್ನು ಗುರುತಿಸಲಾರದ ವಯಸ್ಸಿನಲ್ಲಿಯೇ.

ಇದಕ್ಕೆ ಪರಿಹಾರದ ಬೀಜ ಬಹು ಹಿಂದೆಯೇ ಬಿತ್ತಲ್ಪಟ್ಟಿತ್ತು. ಶರ್ಕರವನ್ನು ಪ್ರೋಟೀನಿಗೆ ಬೆಸೆದರೆ ಪ್ರತಿಕಾಯಗಳು ಹುಟ್ಟುವುವೆಂಬುದನ್ನು ಏವರಿ ಮತ್ತು ಗೋಬೆಲ್ 1930ರ ಸುಮಾರಿಗೆ ಪ್ರಾಣಿಗಳಲ್ಲಿ ತೋರಿಸಿದ್ದರು. ಪ್ರೋಟೀನು ಟಿ ಕೋಶಗಳನ್ನು ಕರೆತರುತ್ತದೆ. ಅವುಗಳ ಪ್ರೇರಣೆಯಿಂದ ಶಿಶುವಿನ ಬಿ ಕೋಶಗಳೂ ಎಚ್ಚೆತ್ತು, ನೆನಪನ್ನೂ ಉಳಿಸಿಕೊಳ್ಳುತ್ತವೆ. ಈ ತತ್ತ್ವದ ಪಿಸಿವಿ (ನ್ಯುಮೋಕಾಕಲ್ ಕಾಂಜುಗೇಟ್) ಲಸಿಕೆ ಅಮೆರಿಕದಲ್ಲಿ 2000ದಲ್ಲಿ ಬಳಕೆಗೆ ಬಂದು, ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು 2017ರಲ್ಲಿ ಪ್ರವೇಶಿಸಿ, 2021ರಲ್ಲಿ ದೇಶವ್ಯಾಪಿಯಾಯಿತು. ಇಂದು ಮಾರಿಕುಪ್ಪಂನ ಕೂಸಿಗೂ ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು ಎಂಬ ಕ್ರಮದಲ್ಲಿ ಅದು ಸಲ್ಲಬೇಕಾದುದು.

ಆದರೂ ಲಸಿಕೆಯ ಪರಿಧಿ ಮಿತವಾದುದು. ಅದು ಕೆಲವು ಪ್ರಭೇದಗಳ ಕವಚವನ್ನು ಗುರುತಿಸಲು ಕಲಿಸೀತೇ ಹೊರತು ವೈರಸ್ಸುಗಳನ್ನು ತಡೆಯದು. ಕೂಸಿಗೆ ಪಕ್ಕೆ ಸೆಳೆತ ಕಂಡೊಡನೆ ಆಸ್ಪತ್ರೆಗೆ ಒಯ್ಯಬೇಕೆಂಬ ಮಾತು ಇಂದಿಗೂ ಸಲ್ಲುತ್ತದೆ. ಇನ್ನು ದಿಬ್ಬಗಳ ಧೂಳಿಗೆ ಯಾವ ಲಸಿಕೆಯೂ ಇಲ್ಲ. ಅದನ್ನು ತಡೆಯಬೇಕಾದುದು ಶಿಶುವಿನ ರಕ್ತದಲ್ಲಲ್ಲ, ಆ ದಿಬ್ಬಗಳ ಮೇಲೆಯೇ.