ಕನ್ನಡ ಬಾವುಟ: ವಿನ್ಯಾಸ, ಇತಿಹಾಸ, ಅರ್ಥ

ಕನ್ನಡ ಬಾವುಟ ಎಂದರೆ ಮೇಲೆ ಹಳದಿ, ಕೆಳಗೆ ಕೆಂಪು. ಸಮ ಅಗಲದ ಎರಡು ಅಡ್ಡಪಟ್ಟಿ, ಅಷ್ಟೆ. ಚಿತ್ರವಿಲ್ಲ, ಬರಹವಿಲ್ಲ, ಲಾಂಛನವಿಲ್ಲ. ಕಾನೂನಿನ ಲೆಕ್ಕದಲ್ಲಿ ಇದು ಕರ್ನಾಟಕ ರಾಜ್ಯದ ಅಧಿಕೃತ ಧ್ವಜವಲ್ಲ. ಆದರೂ ಕನ್ನಡ ರಾಜ್ಯೋತ್ಸವದ ನವೆಂಬರ್ ಬಂತೆಂದರೆ ಬೆಂಗಳೂರಿನ ಪೀಣ್ಯದ ಕಾರ್ಖಾನೆ ಗೇಟುಗಳಲ್ಲಿ, ವೈಟ್‌ಫೀಲ್ಡ್‌ನ ಆಟೊ ನಿಲ್ದಾಣಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಧ್ವಜಕಟ್ಟೆಗಳಲ್ಲಿ ಹಾರುವುದು ಇದೇ. ಸರ್ಕಾರದ ಮುದ್ರೆ ಇಲ್ಲದ ಈ ಬಟ್ಟೆ ಸುಮಾರು ಆರು ದಶಕ ಹೇಗೆ ಬಾಳಿತು ಎಂದು ಕೇಳಿದರೆ ಉತ್ತರ ಅದರ ವಿನ್ಯಾಸದಲ್ಲೇ ಇದೆ. ಎರಡು ತುಂಡು ಬಟ್ಟೆ, ನಡುವೆ ಒಂದು ಹೊಲಿಗೆ. ಯಾವ ದರ್ಜಿಯಾದರೂ ಹೊಲಿದಾನು, ಯಾರಾದರೂ ಕಟ್ಟಿಯಾರು, ಯಾರ ಅಪ್ಪಣೆಯೂ ಬೇಕಿಲ್ಲ.

ಬಾವುಟವನ್ನು ರೂಪಿಸಿದವರು ಪತ್ರಕರ್ತ, ಲೇಖಕ ಮ. ರಾಮಮೂರ್ತಿ (1918–1967). 1960ರ ದಶಕದಲ್ಲಿ ಕಾದಂಬರಿಕಾರ ಅನಕೃ ಮೊದಲಾದವರೊಡನೆ ಬೆಂಗಳೂರಿನ ಕನ್ನಡ ಚಳವಳಿಗೆ ಹೆಗಲು ಕೊಟ್ಟ ಅವರು ಕನ್ನಡ ಪಕ್ಷ ಎಂಬ ರಾಜಕೀಯ ಪಕ್ಷವನ್ನೂ ಕಟ್ಟಿದರು. ಧ್ವಜ ಬಂದದ್ದು ಆ ನೆಲೆಯಿಂದ. ಕಾಲವನ್ನು ಇಲ್ಲಿ ಗಮನಿಸಬೇಕು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿದ್ದವು, ಆದರೆ ರಾಜ್ಯದ ಹೆಸರು ಇನ್ನೂ ಮೈಸೂರು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗಾಗಿ ಬಾವುಟ ರಾಜ್ಯದ ಇಂದಿನ ಹೆಸರಿಗಿಂತ ಹಳೆಯದು. ಅದು ಮೊದಲಿನಿಂದಲೂ ಆಡಳಿತದ ಗುರುತಾಗಿರಲಿಲ್ಲ, ಭಾಷೆಯಾಡುವ ಜನರ ಗುರುತಾಗಿತ್ತು. ಒಂದು ಪಕ್ಷದ ಕೂಸು ಇಡೀ ನಾಡಿನ ಧ್ವಜವಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಪಕ್ಷದ ಚುನಾವಣಾ ರಾಜಕೀಯ ಬೆಳೆಯಲಿಲ್ಲ, ಬಾವುಟ ಬೆಳೆಯಿತು. ಮೇಲೊಂದು ಗುರುತಿನ ಚಿಹ್ನೆ ಇದ್ದಿದ್ದರೆ ಅದು ಪಕ್ಷದೊಡನೆಯೇ ಮರೆಯಾಗುತ್ತಿತ್ತೇನೋ; ಬರಿಯ ಬಣ್ಣಗಳ ಮೇಲೆ ಯಾವ ಪಕ್ಷವೂ ಹಕ್ಕು ಸಾಧಿಸಲಾಗಲಿಲ್ಲ.

ಹಳದಿ, ಕೆಂಪುಗಳನ್ನು ಜನ ಅರಿಶಿನ, ಕುಂಕುಮ ಎಂದೇ ಓದುತ್ತಾರೆ. ಇದು ಒಂದು ಧರ್ಮದ ಗುರುತು ಎಂಬ ಆಕ್ಷೇಪವೂ ಉಂಟು. ಆದರೆ ಬಣ್ಣದ ಅರ್ಥವನ್ನು ನಿರ್ಧರಿಸುವುದು ಬಳಕೆ. ಪೀಣ್ಯದ ಒಂದು ಸಣ್ಣ ಲೇತ್ ಶೆಡ್ಡಿನ ಮುಂದೆ ಕಬ್ಬಿಣದ ಪೈಪು ನೆಟ್ಟು, ತುದಿಗೊಂದು ರಾಟೆ ಬೆಸೆದು, ಬಾವುಟದ ಮಡಿಕೆಯಲ್ಲಿ ಚೆಂಡುಹೂವಿನ ಎಸಳು ತುಂಬಿ ಏರಿಸುತ್ತಾರೆ. ಹಗ್ಗ ಜಗ್ಗಿದಾಗ ಹೂವು ತಲೆಯ ಮೇಲೆ ಉದುರುವುದು ಫಿಟ್ಟರ್, ವೆಲ್ಡರ್, ಹೆಲ್ಪರ್ ಎಲ್ಲರಿಗೂ. ಅಲ್ಲಿ ಯಾರ ಜಾತಿ-ಮತವನ್ನೂ ಬಾವುಟ ಕೇಳುವುದಿಲ್ಲ. ಹಬ್ಬ ಮುಗಿದ ಮೇಲೂ ಇಳಿಸದೆ ಬಿಟ್ಟರೆ ಬಿಸಿಲಿಗೆ ಕೆಂಪು ಗುಲಾಬಿಯಾಗುತ್ತದೆ, ಹಳದಿ ಕೆನೆಬಣ್ಣಕ್ಕೆ ತಿರುಗುತ್ತದೆ. ಅಷ್ಟು ಮಾಸಿದರೂ ಅದು ಕನ್ನಡ ಬಾವುಟವೆಂದು ದೂರದಿಂದಲೇ ತಿಳಿಯುತ್ತದೆ. ಇಷ್ಟು ಗಟ್ಟಿಯಾದ ವಿನ್ಯಾಸ ಅಪರೂಪ.

ಅಧಿಕೃತ ಧ್ವಜದ ಪ್ರಯತ್ನ ಬೇರೆ ದಾರಿ ಹಿಡಿಯಿತು. 2012ರಲ್ಲಿ ಹೈಕೋರ್ಟಿನ ಮುಂದೆ ರಾಜ್ಯ ಸರ್ಕಾರವೇ, ಪ್ರತ್ಯೇಕ ಧ್ವಜ ದೇಶದ ಏಕತೆಗೆ ಒಗ್ಗದು ಎಂಬ ನಿಲುವು ತಾಳಿತ್ತು. 2017ರಲ್ಲಿ ಒಂಬತ್ತು ಜನರ ಸಮಿತಿ ರಚನೆಯಾಗಿ, 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ‘ನಾಡಧ್ವಜ’ವನ್ನು ಅನಾವರಣ ಮಾಡಿದರು: ಹಳದಿ, ಬಿಳಿ, ಕೆಂಪು ಪಟ್ಟಿಗಳು, ನಡುವೆ ಎರಡು ತಲೆಯ ಹಕ್ಕಿ ಗಂಡಭೇರುಂಡವಿರುವ ರಾಜ್ಯ ಲಾಂಛನ. ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಏಕತೆಯ ವಾದ ನಿಲ್ಲುವಂಥದ್ದಲ್ಲ. ರಾಜ್ಯವೊಂದು ತನ್ನದೇ ಧ್ವಜ ಹೊಂದಲು ಸಂವಿಧಾನದಲ್ಲಿ ನಿಷೇಧವಿಲ್ಲ. ಜಮ್ಮು ಮತ್ತು ಕಾಶ್ಮೀರಕ್ಕೆ 2019ರವರೆಗೆ ತನ್ನ ಧ್ವಜವಿತ್ತು. ಗಂಡಭೇರುಂಡ ಮೈಸೂರು ಒಡೆಯರದು, ಇಡೀ ನಾಡಿನದಲ್ಲ ಎಂಬ ಇನ್ನೊಂದು ತಕರಾರಿಗೂ ಉತ್ತರವಿದೆ: ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರ, ಚಾಲುಕ್ಯರ ಕಾಲದ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಆ ಹಕ್ಕಿ ಇದೆ. ನಿಜವಾದ ತೊಡಕು ಬೇರೆ. ಲಾಂಛನದ ತುದಿಯಲ್ಲಿ ಅಶೋಕಸ್ತಂಭದ ಸಿಂಹಗಳಿವೆ. ಅವುಗಳ ಬಳಕೆಗೆ 2005ರ ಕೇಂದ್ರ ಕಾಯ್ದೆಯ ಕಟ್ಟುಪಾಡು ಇದೆ. ಅಂಥ ಧ್ವಜ ವಿಧಾನಸೌಧಕ್ಕೆ ಒಪ್ಪುತ್ತದೆ. ಆಟೊದ ಕನ್ನಡಿಗೆ ಕಟ್ಟಲು, ಶೆಡ್ಡಿನ ಪೈಪಿಗೆ ಏರಿಸಲು ಅದು ಬರುವುದಿಲ್ಲ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಇಂಥ ತೊಡಕನ್ನು ಅಚ್ಚುಕಟ್ಟಾಗಿ ಬಿಡಿಸಿಕೊಂಡಿದೆ: ಕಪ್ಪು, ಹೊಂಬಣ್ಣದ ಎರಡು ಪಟ್ಟಿಯ ಧ್ವಜ ಎಲ್ಲರದು, ಲಾಂಛನವುಳ್ಳದ್ದು ಸರ್ಕಾರಿ ಕಚೇರಿಗಳದು. ಕರ್ನಾಟಕಕ್ಕೂ ಎರಡು ಧ್ವಜ ಇರಬಹುದು. ಒಂದು ಬಂದರೆ ಇನ್ನೊಂದು ಹೋಗಬೇಕಿಲ್ಲ.

ಉಳಿದ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಹೊರವಲಯದ ಐಟಿ ಪ್ರದೇಶದಲ್ಲಿ ಈ ಬಾವುಟ ಹೊರಗಿನಿಂದ ಬಂದವರಿಗೆ ಬೆದರಿಕೆಯಾಗಿ ಕಾಣುತ್ತದೆ ಎಂಬುದು. ಬಾವುಟ ಹಿಡಿದು ಅಂಗಡಿಯ ಬೋರ್ಡು ಒಡೆದಾಗ ಆ ಭಯ ಸುಳ್ಳೆನ್ನಲಾಗದು, ಅಂಥ ಕೃತ್ಯವನ್ನು ಸಮರ್ಥಿಸಲೂ ಆಗದು. ಆದರೆ ಈ ನೆಲದ ಇತಿಹಾಸವನ್ನು ಬಿಟ್ಟು ಬಾವುಟವನ್ನು ಓದಬಾರದು. ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬೆಳೆದ ಕಾಲದಿಂದಲೂ ಸ್ಥಳೀಯರಿಗೆ ಕೆಲಸ ಎಂಬ ಬೇಡಿಕೆ ಇದೆ. 1986ರ ಸರೋಜಿನಿ ಮಹಿಷಿ ಸಮಿತಿಯ ವರದಿ ಅದಕ್ಕೆ ಸರ್ಕಾರಿ ದಾಖಲೆಯ ರೂಪ ಕೊಟ್ಟಿತು. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ಜಮೀನಿನ ಮೇಲೆ. ಗಾಜಿನ ಗೋಡೆಯ ಹೊರಗೆ ಉಳಿದವರ ಪಾಲಿಗೆ ಧ್ವಜಕಟ್ಟೆ, ಈ ಊರು ನಮ್ಮದೂ ಹೌದು ಎಂದು ಹೇಳುವ ಜಾಗ. ಆ ಮಾತು ಹೊಸಬರನ್ನು ಹೊರಗಿಡಬೇಕೆಂದಿಲ್ಲ. ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕನೂ ಕಟ್ಟಬಹುದಾದಷ್ಟು ಸರಳ ಬಟ್ಟೆ ಅದು. 2024ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಬೆಂಗಳೂರಿನ ಶಾಲೆ, ಕಾರ್ಖಾನೆ, ಐಟಿ-ಬಿಟಿ ಕಂಪನಿಗಳೆಲ್ಲ ನವೆಂಬರ್ 1ರಂದು ಕನ್ನಡ ಬಾವುಟ ಹಾರಿಸಲೇಬೇಕು ಎಂದು ಸಾರಿದರು. ಅವರು ಹಾರಿಸಲು ಹೇಳಿದ್ದು ಲಾಂಛನವಿದ್ದ 2018ರ ನಾಡಧ್ವಜವನ್ನಲ್ಲ. ಅರಿಶಿನ, ಕುಂಕುಮದ ಬಣ್ಣದ ಆ ಎರಡು ಪಟ್ಟಿಗಳನ್ನೇ.