ಬಾಗಿಲು ಮುಚ್ಚುವ ಹಂತದ ಸಣ್ಣ ಕಾಲೇಜು: ಉಳಿಸಿಕೊಳ್ಳುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಉನ್ನತ ಶಿಕ್ಷಣ ಇಲ್ಲಿಗೆ ತಡವಾಗಿ ಬಂದಿತು. ಬಂದಾಗ ಅದಕ್ಕೆ ಹೆಗಲು ಕೊಟ್ಟವರಲ್ಲಿ ಮಠಗಳೂ ಊರ ಹಿರಿಯರ ಸಂಘಗಳೂ ಇದ್ದವು. ಕೊಪ್ಪಳದ ಶ್ರೀ ಗವಿಮಠದ ವಿದ್ಯಾಸಂಸ್ಥೆಗಳು ಎಲ್ಲರಿಗೂ ಪರಿಚಿತ. ಅಂತಹ ಆಸರೆಯಿಲ್ಲದ ಸಣ್ಣ ಖಾಸಗಿ ಕಾಲೇಜುಗಳ ವಿಷಯವನ್ನು ಇಲ್ಲಿ ಹೇಳಬಯಸುತ್ತೇವೆ.

ಅನುದಾನರಹಿತ ಕಾಲೇಜಿಗೆ ಶುಲ್ಕವೇ ಮುಖ್ಯ ಆದಾಯ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೂ ಹತ್ತು ಮಕ್ಕಳಿದ್ದರೂ ಅಧ್ಯಾಪಕರು ಅಷ್ಟೇ ಬೇಕು. ಸಮೀಪದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಶುಲ್ಕ ಕಡಿಮೆ. ಪ್ರವೇಶ ಕುಸಿಯುತ್ತದೆ, ವೇತನ ತಡವಾಗುತ್ತದೆ, ಒಳ್ಳೆಯ ಅಧ್ಯಾಪಕರು ಹೊರಡುತ್ತಾರೆ, ಮರುವರ್ಷ ಪ್ರವೇಶ ಇನ್ನೂ ಇಳಿಯುತ್ತದೆ. ಅನುದಾನಿತ ಕಾಲೇಜಿನ ಸಂಕಟ ಬೇರೆ: ನಿವೃತ್ತರ ಸ್ಥಾನ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬರುವವರೆಗೆ ಅತಿಥಿ ಉಪನ್ಯಾಸಕರ ಭಾರ ಆಡಳಿತ ಮಂಡಳಿಯ ಮೇಲೆ ಬೀಳುತ್ತದೆ. ಇದರ ಮೇಲೆ, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯು ಕೊಪ್ಪಳವೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಭಿಪ್ರಾಯ ನೀಡಿದ್ದು ಈ ಭಾಗದಲ್ಲಿ ಕಳವಳ ಮೂಡಿಸಿತು.

ಕಾಲೇಜು ಮುಚ್ಚಿದರೆ ಮೊದಲು ಓದು ನಿಲ್ಲಿಸುವವರು ಹಳ್ಳಿಯ ಹೆಣ್ಣುಮಕ್ಕಳು. ದೂರದ ಊರಿಗೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ, ಬಸ್ಸು ಹೊತ್ತಿಗೆ ಸಿಗುವುದಿಲ್ಲ.

ಉಳಿಸಹೊರಟವರು ಮೊದಲು ಲೆಕ್ಕಪತ್ರವನ್ನು ಊರ ಮುಂದಿಡಬೇಕು. ಬಾಕಿ ವೇತನ, ಸಾಲ, ಸಂಯೋಜನೆಯ ಸ್ಥಿತಿ ಮರೆಮಾಚಿ ದೇಣಿಗೆ ಕೇಳುವುದನ್ನು ನಾವು ಒಪ್ಪುವುದಿಲ್ಲ. ದೇಣಿಗೆಗೆ ಆದಾಯ ತೆರಿಗೆಯ 80ಜಿ ಮಾನ್ಯತೆಯಿದ್ದರೆ ಅನುಕೂಲ. ಆದರೆ 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿಯಿಲ್ಲ. ಒಮ್ಮೆ ಬಂದ ಹಣದಿಂದ ಕಟ್ಟಡವಾದೀತು, ವೇತನಕ್ಕೆ ಶಾಶ್ವತ ನಿಧಿಯೇ ಬೇಕು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟದ್ದು ಇದಕ್ಕೆ ದೊಡ್ಡ ಮಾದರಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ಸ್ವಂತ ಬಲ ಸಾಲದಿದ್ದರೆ ಸಮಾನ ಉದ್ದೇಶದ ಸಂಸ್ಥೆಯೊಡನೆ ವಿಲೀನವಾಗುವುದು ಮುಚ್ಚುವುದಕ್ಕಿಂತ ಲೇಸು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ, ವಿಸರ್ಜನೆಯಾದ ಸಂಘದ ಉಳಿಕೆ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ನಿವೇಶನದ ಆಸೆಗೆ ಕಾಲೇಜು ಮುಚ್ಚಬಯಸುವವರು (ಅಂಥವರೂ ಉಂಟು) ಇದನ್ನು ನೆನಪಿಡಲಿ.

ವಿಲೀನದ ಮಾತುಕತೆ ಪ್ರವೇಶಗಳು ಆರಂಭವಾಗುವ ಮೊದಲೇ ಮುಗಿಯಬೇಕು; ನಡುವೆ ಇರುವ ವಿದ್ಯಾರ್ಥಿಗಳು ಪದವಿ ಮುಗಿಸುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯದ ಒಪ್ಪಿಗೆಯೊಡನೆ ಮಾಡಬೇಕು; ಹಳೆಯ ವಿದ್ಯಾರ್ಥಿಗಳ ಪ್ರವೇಶ ದಾಖಲೆಗಳು ಯಾರ ವಶದಲ್ಲಿರಬೇಕೆಂಬುದನ್ನೂ ಕರಾರಿನಲ್ಲಿ ಬರೆಯಬೇಕು.